ಉಪ್ಪಿನಕಾಯಿ ಬಾಟಲಿಯಲ್ಲಿ ಕಾಡುಮೊಲದ ಲಿವರ್

ಮೊದಲ ಫೋನ್ ಬಂದಾಗ ನನ್ನ ಬಲಗೈ ಭುಜದವರೆಗೆ ಒಂದು ಹಸುವಿನ ಒಳಗಿತ್ತು. ಕಡಬದ ಹತ್ತಿರದ ಒಂದು ದನದ ಹಟ್ಟಿ. ಕರುವಿನ ಮುಂಗಾಲು ಮಡಚಿಕೊಂಡಿತ್ತು, ಅದನ್ನು ಬಿಡಿಸಲು ಅರ್ಧ ಗಂಟೆಯಿಂದ ಒದ್ದಾಡುತ್ತಿದ್ದೆ. ಮನೆಯ ಯಜಮಾನರು ನನ್ನ ಕಿಸೆಯಿಂದ ಫೋನ್ ತೆಗೆದು ನನ್ನ ಕಿವಿಗೆ ಹಿಡಿದರು. ಆ ಕಡೆಯಿಂದ ಮಾತಾಡಿದವರು ಸುಳ್ಯದಿಂದ ಸಂಪಾಜೆಗೆ ಹೋಗುವ ದಾರಿಯಲ್ಲಿ ಮೊಲ ಸಾಕುವ ಅಕ್ಕ. ನಾನು ಪಶುವೈದ್ಯ, ಕಡಬದ ಆಸ್ಪತ್ರೆ ನನ್ನದು, ಸುಳ್ಯದ ಕಡೆಯ ಎರಡು ಊರು ಹೆಚ್ಚುವರಿ ಎಂದು ತಲೆಗೆ ಕಟ್ಟಿದ್ದು. ನಿನ್ನೆ ಸಂಜೆ ಚೆನ್ನಾಗಿ ತಿಂದ ಎರಡು ಹೆಣ್ಣು ಮೊಲಗಳು ಬೆಳಿಗ್ಗೆ ನೋಡುವಾಗ ಸತ್ತಿದ್ದವು ಎಂದರು.

ಮಂಜು ಬೀಳುವ ಡಿಸೆಂಬರ್, ಸೋಮವಾರ. ಒದ್ದೆ ಹುಲ್ಲು ತಿಂದು ಹೊಟ್ಟೆ ಉಬ್ಬರಿಸಿ ಮೊಲ ಸಾಯುವುದು ಹೊಸತಲ್ಲ. ಹುಲ್ಲನ್ನು ಬಾಡಿಸಿ ಹಾಕಿ, ಸತ್ತದ್ದನ್ನು ಹೂತುಬಿಡಿ ಎಂದೆ. ಫೋನ್ ಇಡುವ ಮೊದಲು ಅವರು ಇನ್ನೊಂದು ಮಾತು ಕೇಳಿದರು. ಅವರ ಸ್ವಸಹಾಯ ಸಂಘದ ನಾಲ್ಕು ಮನೆಯವರಿಗೆ ಎರಡೆರಡು ಮರಿ ಕೊಡುವುದೆಂದು ಮಾತಾಗಿತ್ತು, ಬುಧವಾರ ಒಯ್ಯಲು ಬರುತ್ತಾರೆ, ಕೊಡಬಹುದಾ ಎಂದು. ಅಷ್ಟರಲ್ಲಿ ಕರುವಿನ ಗೊರಸು ನನ್ನ ಬೆರಳಿಗೆ ಸಿಕ್ಕಿತು. “ಕೊಡಬಹುದು, ಅವಕ್ಕೆಂತ ಆಗುದಿಲ್ಲ” ಎಂದೆ.

ಕರು ಬದುಕಿತು. ಆ ದಿನ ನಾನು ಬಹಳ ಖುಷಿಯಲ್ಲಿದ್ದೆ.

ಗುರುವಾರ ಬೆಳಿಗ್ಗೆ ಅಕ್ಕನ ಫೋನ್ ಮತ್ತೆ ಬಂತು. ಆರು ಸತ್ತಿವೆ, ಮೂಗಿನಲ್ಲಿ ರಕ್ತ ಉಂಟು ಎಂದರು. ಸ್ವರದಲ್ಲಿ ಗಾಬರಿ ಇರಲಿಲ್ಲ, ಅದಕ್ಕೇ ನನಗೆ ಗಾಬರಿಯಾಯಿತು. ಬೈಕು ಹತ್ತಿ ಹೊರಟೆ.

ಅಕ್ಕ ಐವತ್ತು ದಾಟಿದವರು, ಅರೆಭಾಷೆಯ ಗೌಡರ ಮನೆಯವರು. ಮನೆಯ ಹಿಂದೆ ಶೀಟು ಹಾಸಿದ ಶೆಡ್ಡು, ಅದರಲ್ಲಿ ತಂತಿ ಬಲೆಯ ಗೂಡುಗಳ ಎರಡು ಸಾಲು. ನನಗಿಂತ ಅಚ್ಚುಕಟ್ಟಾಗಿ ದಾಖಲೆ ಇಡುವವರು. ಪ್ರತಿ ಗೂಡಿಗೂ ಒಂದು ರಟ್ಟು, ಅದರ ಮೇಲೆ ಬೆದೆಗೆ ಬಿಟ್ಟ ದಿನ, ಮರಿ ಹಾಕಿದ ದಿನ. ಸತ್ತವುಗಳ ರಟ್ಟನ್ನು ತಿರುಗಿಸಿ ನೇತುಹಾಕಿದ್ದರು. ನಾನು ಒಳಗೆ ಹೋಗುವಾಗ ಎಂಟು ರಟ್ಟು ತಿರುಗಿದ್ದವು. ಅಲ್ಲಿ ನಿಂತಿರುವಾಗಲೇ ಒಂಬತ್ತನೆಯದು ಕುತ್ತಿಗೆಯನ್ನು ಬೆನ್ನಿನ ಕಡೆಗೆ ಬಿಲ್ಲಿನಂತೆ ಎಳೆದುಕೊಂಡು, ಒಮ್ಮೆ ಚೀರಿ ಬಿತ್ತು. ಮೊಲ ಚೀರುವುದನ್ನು ಹೆಚ್ಚಿನವರು ಕೇಳಿರುವುದಿಲ್ಲ. ಕೇಳದಿದ್ದರೇ ಒಳ್ಳೆಯದು.

ಅಂಗಳದ ಮೂಲೆಯಲ್ಲಿ ಹಿಂಡಿಯ ಖಾಲಿ ಚೀಲ ಹಾಸಿ ಪೋಸ್ಟ್‌ಮಾರ್ಟಂ ಮಾಡಿದೆ. ಶ್ವಾಸನಾಳದ ಉದ್ದಕ್ಕೂ ರಕ್ತದ ನೊರೆ, ಶ್ವಾಸಕೋಶದ ಮೇಲೆ ಕೆಂಪು ಚುಕ್ಕೆ, ಗುಲ್ಮ ಊದಿಕೊಂಡು ಕಪ್ಪಾಗಿತ್ತು. ಲಿವರ್ ಬೇಯಿಸಿದ ಹಾಗೆ ಬಿಳುಚಿ, ಬೆರಳಿಟ್ಟರೆ ಪುಡಿಯಾಗುತ್ತಿತ್ತು. ಕಾಲೇಜಿನಲ್ಲಿ ಒಂದು ಪರೀಕ್ಷೆಗೆ ಓದಿ ಮರೆತಿದ್ದ ರೋಗ ಅದು: ಮೊಲಗಳ ರಕ್ತಸ್ರಾವದ ರೋಗ, ವೈರಸ್ಸಿನದ್ದು. ನಮ್ಮ ಕಡೆಗೆ ಅದು ಬರುವುದಿಲ್ಲವೆಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಹಳೆಯ ಬಗೆಯಾದರೆ ಸಣ್ಣ ಮರಿಗಳು ಉಳಿಯಬೇಕು. ಇಲ್ಲಿ ನಾಲ್ಕು ವಾರದವೂ ಸತ್ತಿದ್ದವು. ಹಾಗಾದರೆ ಇದು ಹೊಸ ಬಗೆ ಇರಬಹುದು ಎನಿಸಿತು. ಔಷಧಿ ಇಲ್ಲ. ಲಸಿಕೆ ನನ್ನ ಕೈಗೆ ಸಿಗುವಂತಿರಲಿಲ್ಲ. ಉಳಿದವನ್ನು ಬೇರೆ ಮಾಡಿ ಕಾಯುವುದೊಂದೇ ದಾರಿ.

ಆಮೇಲಿನ ಎರಡು ಗಂಟೆ ನಾನು ಪುಸ್ತಕದ ಪ್ರಕಾರ ಒಂದನ್ನೂ ಬಿಡದೆ ಮಾಡಿದೆ. ಶೆಡ್ಡಿಗೆ ಬ್ಲೀಚಿಂಗ್ ಪುಡಿಯ ನೀರು ಹೊಡೆಸಿದೆ. ಹುಲ್ಲಿನ ಕಟ್ಟನ್ನು ಸುಡಿಸಿದೆ. ಸೋಮವಾರ ಹೂತ ಎರಡು ಮೊಲಗಳ ಗುಂಡಿ ಮೇವಿನ ಹುಲ್ಲಿನ ಪಾತಿಗೆ ತಾಗಿಕೊಂಡೇ ಇತ್ತು, ಅದನ್ನೂ ಅಗೆದು ತೆಗೆಸಿ, ಸತ್ತ ಎಲ್ಲವನ್ನೂ ಒಟ್ಟು ಹಾಕಿ ಬೂದಿ ಮಾಡಿಸಿದೆ. ಒಂಬತ್ತನೆಯ ಮೊಲದ ಲಿವರಿನ ತುಂಡನ್ನು ಮಾತ್ರ ಸಣ್ಣ ಟ್ಯೂಬಿಗೆ ಹಾಕಿ ಮಂಜುಗಡ್ಡೆಯಲ್ಲಿಟ್ಟೆ. ಎಷ್ಟು ಶಿಸ್ತಿನ ಡಾಕ್ಟ್ರು ಎಂದು ಯಾರಾದರೂ ಹೊಗಳಬಹುದಿತ್ತು. ಆ ಎರಡು ಮೊಲಗಳನ್ನು ಯಾಕೆ ಸುಟ್ಟೆನೋ ಎಂದು ತಲೆ ಚಚ್ಚಿಕೊಳ್ಳುವ ಕಾಲ ಎರಡು ವಾರದೊಳಗೇ ಬಂತು.

ಬುಧವಾರ ಮರಿ ಒಯ್ದಿದ್ದ ನಾಲ್ಕು ಮನೆಗಳಲ್ಲೂ ಶನಿವಾರದಿಂದ ಮೊಲಗಳು ಸಾಯತೊಡಗಿದವು. ಹೊಸ ಮರಿಗಳ ಜೊತೆ ಆ ಮನೆಗಳಲ್ಲಿ ಮೊದಲೇ ಇದ್ದ ಮೊಲಗಳೂ ಹೋದವು. ನಾನು ಮನೆಯಿಂದ ಮನೆಗೆ ಹೋಗಿ ಕೊಯ್ದು, ಮೂರು ಮನೆಗಳಿಂದ ಲಿವರ್ ಸಂಗ್ರಹಿಸಿದೆ. ಪ್ರತಿ ಮನೆಯಲ್ಲೂ ಚಪ್ಪಲಿಯನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿ ಹೊರಡುವಾಗ ಹಿಂದಿನಿಂದ ಒಂದೇ ಮಾತು: ಅವಳ ಮನೆಯಿಂದಲೇ ಬಂದದ್ದಲ್ಲವಾ? ರೋಗ ಉಂಟೂಂತ ಗೊತ್ತಿದ್ದೂ ಕೊಟ್ಟಳಲ್ಲವಾ? ನಾನು ಲ್ಯಾಬಿನ ವರದಿ ಬರಲಿ ಎಂದೆ. ಸರಕಾರಿ ಕೆಲಸದವರಿಗೆ ಈ ಒಂದು ವಾಕ್ಯ ಬಹಳ ಉಪಕಾರ ಮಾಡುತ್ತದೆ.

ಅಕ್ಕನ ಶೆಡ್ಡಿನಲ್ಲಿ ಆಗ ಮೂವತ್ತೊಂದು ರಟ್ಟು ತಿರುಗಿದ್ದವು, ಮೂರು ಮಾತ್ರ ನೆಟ್ಟಗಿದ್ದವು. ಅವರು ನನ್ನಲ್ಲಿ ಕೇಳಿದ್ದೂ ಒಂದೇ ಪ್ರಶ್ನೆ.

“ಇದು ನನ್ನಿಂದ ಹೋದ್ದಾ ಡಾಕ್ಟ್ರೇ, ಅಲ್ಲ ಎಲ್ಲರಿಗೂ ಗುಡ್ಡೆಯಿಂದ ಬಂದದ್ದಾ? ಅದೊಂದು ಹೇಳಿ. ಮೊಲ ಹೋದದ್ದು ಹೋಯ್ತು.”

ಗುಡ್ಡೆ ಎಂದರೆ ಮನೆಯ ಮೇಲಿನ ರಬ್ಬರ್ ತೋಟ. ಅದರ ಬದಿಯ ಹುಲ್ಲನ್ನೇ ಈ ಐದೂ ಮನೆಯವರು ಕೊಯ್ದು ಮೊಲಗಳಿಗೆ ಹಾಕುತ್ತಿದ್ದದ್ದು. ಅಲ್ಲಿ ಕಾಡುಮೊಲಗಳೂ ಮೇಯುತ್ತವೆ. ತೋಟದಲ್ಲಿ ಟ್ಯಾಪಿಂಗ್, ಅಂದರೆ ಮರ ಗೀರಿ ರಬ್ಬರ್ ಹಾಲು ಇಳಿಸುವ ಕೆಲಸ, ಮಾಡುವವರು ಈಶ್ವರಮಂಗಲದ ಕಡೆಯ ಒಬ್ಬ ಬ್ಯಾರಿ ಹಿರಿಯರು, ಎಲ್ಲರಿಗೂ ಕಾಕ. ಹತ್ತು ದಿನದ ಹಿಂದೆ ತೋಟದಲ್ಲಿ ಒಂದು ಕಾಡುಮೊಲ ಗಾಯವಿಲ್ಲದೆ ಸತ್ತು ಬಿದ್ದಿತ್ತೆಂದು ಕಾಕ ಹೇಳಿದ್ದರಂತೆ. ಆಗ ಯಾರೂ ತಲೆಗೆ ಹಾಕಿಕೊಂಡಿರಲಿಲ್ಲ.

ಇದನ್ನು ಕೇಳಿದ್ದೇ ಲ್ಯಾಬಿನ ವಿಜ್ಞಾನಿಗೆ ಫೋನ್ ಮಾಡಿದೆ. ಆಕೆ ನನಗಿಂತ ಹತ್ತು ವರ್ಷ ಚಿಕ್ಕವಳು, ಮಾತು ಅಳೆದು ತೂಗಿ ಆಡುವವಳು. ವೈರಸ್ಸುಗಳ ಆನುವಂಶಿಕ ಅಕ್ಷರಗಳನ್ನು ಸಾಲಾಗಿ ಓದಿ, ಯಾವುದಕ್ಕೆ ಯಾವುದು ಎಷ್ಟು ಹತ್ತಿರ ಎಂದು ವಂಶವೃಕ್ಷ ಬರೆಯುವುದು ಅವಳ ಕೆಲಸ. ಸಾಕುಮೊಲದ ಈ ವೈರಸ್ಸಿಗೂ ಯುರೋಪಿನ ಕಾಡುಮೊಲಗಳನ್ನು ಕೊಲ್ಲುವ ವೈರಸ್ಸಿಗೂ ದಾಯಾದಿ ಸಂಬಂಧ, ಹಿಂದೆ ಎಲ್ಲೋ ಒಂದೇ ಮೂಲ. ಬಹುಕಾಲ ಅವು ಒಂದರ ಮನೆಗೆ ಇನ್ನೊಂದು ಹೋಗದೆ ಇದ್ದವು, ಆದರೆ ಹೊಸ ಬಗೆಯದ್ದಕ್ಕೆ ಆ ಮರ್ಯಾದೆ ಇಲ್ಲ, ಎರಡೂ ಕಡೆ ನುಗ್ಗುತ್ತದೆ ಎಂದು ವಿವರಿಸಿದಳು. ನಮ್ಮ ಊರಿನ ಕಾಡುಮೊಲಕ್ಕೂ ನುಗ್ಗುತ್ತದೋ ಎಂಬುದು ಅವಳಿಗೂ ತಿಳಿದಿರಲಿಲ್ಲ. “ಗುಡ್ಡೆಯ ಮೊಲದ ಲಿವರ್ ಒಂದು ಸಿಕ್ಕರೆ ಏನಾದರೂ ಹೇಳಬಹುದು ಸರ್” ಎಂದಳು.

ಮುಂದಿನ ಸೋಮವಾರ ಕಾಕನ ಫೋನ್ ಬಂತು. ತೋಟದಲ್ಲಿ ಇನ್ನೊಂದು ಕಾಡುಮೊಲ ಸತ್ತಿದೆ, ಇನ್ನೂ ಬಿಸಿ ಆರಿಲ್ಲ. ನಾನಾಗ ಪುತ್ತೂರಿನಲ್ಲಿ ಒಂದು ಸಭೆಯಲ್ಲಿದ್ದೆ, ಬಿಟ್ಟು ಬರುವ ಹಾಗಿರಲಿಲ್ಲ. ಕಾಡುಮೊಲ ಅರಣ್ಯ ಇಲಾಖೆಯ ಸ್ವತ್ತು, ಅವರನ್ನು ಕೇಳದೆ ಮುಟ್ಟುವಂತಿಲ್ಲ. ಹೊರಗೆ ಬಂದು ಅರಣ್ಯ ಕಚೇರಿಗೆ ಫೋನ್ ಮಾಡಿದೆ, ನಾಳೆ ಗಾರ್ಡ್ ಬರುತ್ತಾರೆ ಎಂದರು. ಕಾಕನಿಗೆ ನಾನು ಹೇಳಿದ್ದು ಇಷ್ಟೇ: “ನಾಳೆ ಬರ್ತೇನೆ. ಅದು ಹಾಳಾಗದ ಹಾಗೆ ಇಡಿ ಕಾಕ, ಲಿವರ್ ನಮಗೆ ಮುಖ್ಯ.”

ಹೇಗೆ ಇಡಬೇಕೆಂದು ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಮರುದಿನ ಪುತ್ತೂರಿನ ಮೀನಿನ ಅಂಗಡಿಯಿಂದ ಥರ್ಮಾಕೋಲ್ ಪೆಟ್ಟಿಗೆ, ಅದರ ತುಂಬ ಪುಡಿ ಮಂಜುಗಡ್ಡೆ ತೆಗೆದುಕೊಂಡು ಹೊರಟೆ. ಗಾರ್ಡ್ ಬಂದಿರಲಿಲ್ಲ, ಮಾದರಿ ಒಯ್ಯಲು ಫೋನಿನಲ್ಲೇ ಒಪ್ಪಿಗೆ ಕೊಟ್ಟಿದ್ದರು. ಕಾಕ ತೋಟದ ಶೆಡ್ಡಿನ ಹೊರಗೆ ಕಾಯುತ್ತಿದ್ದರು. ಒಳಗಿನಿಂದ ಒಂದು ಉಪ್ಪಿನಕಾಯಿ ಬಾಟಲಿ ತಂದರು, ಮುಚ್ಚಳದ ಸುತ್ತ ರಬ್ಬರ್ ಪಟ್ಟಿ ಸುತ್ತಿ ಭದ್ರ ಮಾಡಿದ್ದರು. ಇಡೀ ಮೊಲ ಇಟ್ಟುಕೊಂಡರೆ ಬೇಟೆಯಾಡಿದ್ದೆಂದು ಕೇಸ್ ಹಾಕಿಯಾರೆಂಬ ಹೆದರಿಕೆಯಲ್ಲಿ, ಲಿವರ್ ಒಂದನ್ನು ತೆಗೆದು ಉಳಿದದ್ದನ್ನು ಹೂತಿದ್ದರು. ಲಿವರನ್ನು ಎಷ್ಟು ನಾಜೂಕಾಗಿ ತೆಗೆದಿದ್ದರೆಂದರೆ ನನ್ನ ಕಾಲೇಜಿನ ಮೇಷ್ಟ್ರೂ ತಲೆದೂಗುತ್ತಿದ್ದರು. ನಾನು ಬಾಟಲಿ ಕೈಗೆ ತೆಗೆದುಕೊಂಡು ಮುಚ್ಚಳ ಬಿಚ್ಚಿದೆ. ಕಣ್ಣಿನಲ್ಲಿ ನೀರು ಸುರಿಯಿತು.

“ಅಮೋನಿಯಾ” ಎಂದರು ಕಾಕ. “ರಬ್ಬರ್ ಹಾಲಿಗೆ ನಾವು ಇದನ್ನೇ ಹಾಕುದಲ್ವಾ. ಎಷ್ಟು ದಿನ ಇಟ್ಟರೂ ಕೆಡುದಿಲ್ಲ. ನಿಮ್ಮದಕ್ಕೆ ಸ್ವಲ್ಪ ಜಾಸ್ತಿಯೇ ಹಾಕಿದ್ದೇನೆ.”

ನಲವತ್ತು ವರ್ಷ ಹಾಲು ಹೆಪ್ಪುಗಟ್ಟದಂತೆ ಕಾಪಾಡಿದ ಮನುಷ್ಯ ತನಗೆ ಗೊತ್ತಿದ್ದ ಅತ್ಯುತ್ತಮ ಕೆಲಸವನ್ನೇ ಮಾಡಿದ್ದರು. ಈ ವೈರಸ್ಸಿನ ವಂಶಾವಳಿ ಇರುವುದು ಆರ್‌ಎನ್‌ಎ ಎಂಬ ನಾಜೂಕು ಎಳೆಯಲ್ಲಿ. ಅಮೋನಿಯಾದಂಥ ಕ್ಷಾರದಲ್ಲಿ ಅದು ಚೂರುಚೂರಾಗುತ್ತದೆ. ನನಗೆ ಬೈಯುವಷ್ಟು ಸಿಟ್ಟು ಬಂತು, ಯಾರನ್ನು ಬೈಯುವುದು? ಬೈಯಬೇಕಾದವನು ಬಾಟಲಿ ಹಿಡಿದು ನಿಂತಿದ್ದ. ಕಣ್ಣೊರೆಸಿಕೊಂಡು, ಬಹಳ ಉಪಕಾರ ಆಯಿತು ಕಾಕ ಎಂದೆ. ಅವರು ನಕ್ಕರು.

ಆದರೂ ಕಳಿಸಿದೆ. ತುಂಡನ್ನು ತೊಳೆದು, ಬೇರೆ ಟ್ಯೂಬಿಗೆ ಹಾಕಿ, ಉಳಿದ ನಾಲ್ಕರ ಜೊತೆ ಅದೇ ಮೀನಿನ ಪೆಟ್ಟಿಗೆಯಲ್ಲಿಟ್ಟು ಪುತ್ತೂರು ಬಸ್‌ಸ್ಟ್ಯಾಂಡಿನಿಂದ ಬಸ್ಸಿಗೆ ಹಾಕಿದೆ. ವಿಜ್ಞಾನಿ ಸಂಗತಿ ಕೇಳಿ, ಪ್ರಯತ್ನ ಮಾಡುತ್ತೇನೆ ಎಂದಳು. ನಾಲ್ಕನೇ ದಿನ, ಸಾಕುಮೊಲದ ನಾಲ್ಕರಲ್ಲೂ ವೈರಸ್ ಸಿಕ್ಕಿದೆ, ಹೊಸ ಬಗೆಯದ್ದೇ, ಕಾಡುಮೊಲದ್ದು ಮಾತ್ರ ಏನೂ ಇಲ್ಲ ಎಂದಳು. ವೈರಸ್ ಇರಲೇ ಇಲ್ಲವೋ, ಇದ್ದು ಅಮೋನಿಯಾದಲ್ಲಿ ಹಾಳಾಯಿತೋ ಹೇಳಲು ಬರುವುದಿಲ್ಲ. ಎರಡು ಸಲ ಮಾಡಿ ನೋಡಿದ್ದಳು. ಮೊಲದ ದೇಹ ಎಲ್ಲಿದೆ, ತೊಡೆಯ ಮೂಳೆ ಸಿಕ್ಕರೂ ಸಾಕು, ಮಜ್ಜೆಯಲ್ಲಿ ಈ ವೈರಸ್ಸಿನ ಗುರುತು ಸುಮಾರು ಕಾಲ ಉಳಿಯುತ್ತದೆ ಎಂದೂ ಹೇಳಿದಳು.

ನನಗೆ ಮತ್ತೆ ಜೀವ ಬಂತು. ಅರಣ್ಯ ಇಲಾಖೆಯ ಗಾರ್ಡನ್ನು ಹಿಂದೆ ಕೂರಿಸಿಕೊಂಡು ತೋಟಕ್ಕೆ ಹೋದೆ. ಕಾಕ ಹಾರೆ ಹಿಡಿದು ಮುಂದೆ ನಡೆದರು. ಹೂತ ಜಾಗ ಹುಡುಕಬೇಕಾಗಿ ಬರಲಿಲ್ಲ. ಕಾಡುಹಂದಿಗಳು ನಮಗಿಂತ ಮೊದಲು ಬಂದು ಮಂಚದಷ್ಟು ಅಗಲ ನೆಲ ಉತ್ತು ಹೋಗಿದ್ದವು. ನಾವು ಮೂರೂ ಜನ ಮೊಣಕಾಲೂರಿ ಮಣ್ಣು ಜಾಲಾಡಿದೆವು. ಸಿಕ್ಕಿದ್ದು ಒಂದು ಹಿಡಿ ರೋಮ. ಗಾರ್ಡ್ ಅದನ್ನೂ ಮಹಜರಿನಲ್ಲಿ ಬರೆದುಕೊಂಡರು.

ಬರುವ ದಾರಿಯಲ್ಲಿ ನನಗೆ ಸುಟ್ಟ ಎರಡು ಮೊಲಗಳ ನೆನಪಾದದ್ದು. ಮೂಳೆಯಿಂದಲೂ ಓದಬಹುದೆಂದಾದರೆ, ಮರಿಗಳು ಹೋಗುವ ಮೊದಲೇ ಸತ್ತ ಆ ಎರಡೇ ನನಗೆ ಬೇಕಾಗಿದ್ದ ಸಾಕ್ಷಿ. ಮಣ್ಣಿನಲ್ಲಿ ಭದ್ರವಾಗಿದ್ದವನ್ನು ಅಗೆದು ತೆಗೆದು ಬೆಂಕಿಗೆ ಹಾಕಿಸಿದವನು ನಾನೇ. ಬೈಕನ್ನು ಬದಿಗೆ ನಿಲ್ಲಿಸಿ ಕೂತೆ. ಗಾರ್ಡ್, ಎಂತ ಆಯ್ತು ಮಾರಾಯ್ರೆ ಎಂದು ಕೇಳಿದರು, ಏನಿಲ್ಲ ಎಂದೆ.

ವಂಶವೃಕ್ಷ ಮತ್ತೆರಡು ವಾರ ಬಿಟ್ಟು ನನ್ನ ಮೊಬೈಲಿಗೆ ಬಂತು. ಅಡ್ಡ ಮಲಗಿಸಿದ ಒಂದು ಮರ. ಮೇಲಿನ ಕೊಂಬೆಗಳಲ್ಲಿ ದೂರದೇಶಗಳ ಮೊಲಗಳು, ಕೆಳಗೆ ಒಂದು ತುದಿಯಲ್ಲಿ ನಮ್ಮ ನಾಲ್ಕು ಒಟ್ಟಿಗೆ. ಮೂರು ಮನೆಗಳದ್ದು ಅಕ್ಷರಕ್ಕೆ ಅಕ್ಷರ ಒಂದೇ. ಅಕ್ಕನ ಶೆಡ್ಡಿನದ್ದರಲ್ಲಿ ಮಾತ್ರ ಎರಡು ಅಕ್ಷರ ಬೇರೆ, ಅದು ಒಂದು ಬೆರಳು ಆಚೆ ನಿಂತಿತ್ತು. ನನಗೆ ಕುಣಿಯುವಂತಾಯಿತು. ಅವರದ್ದೇ ಹರಡಿದ್ದಾದರೆ ಆ ಎರಡು ಬದಲಾವಣೆ ಮೂರು ಮನೆಗಳಲ್ಲೂ ಇರಬೇಕಿತ್ತಲ್ಲ? ಹಾಗಾದರೆ ಎಲ್ಲರಿಗೂ ಗುಡ್ಡೆಯಿಂದ ಬೇರೆಬೇರೆಯಾಗಿ ಬಂದದ್ದು. ಅಕ್ಕ ಬಚಾವ್.

ವಿಜ್ಞಾನಿ ಒಂದೇ ಪ್ರಶ್ನೆ ಕೇಳಿದಳು: ಮಾದರಿ ತೆಗೆದದ್ದು ಯಾವ ದಿನ ಸತ್ತದ್ದರಿಂದ? ಗುರುವಾರದ್ದು ಎಂದೆ. ಮರಿಗಳು ಹೋದದ್ದು ಬುಧವಾರ. ಹೋದ ಮೇಲೆ ಶೆಡ್ಡಿನಲ್ಲಿ ಮೊಲದಿಂದ ಮೊಲಕ್ಕೆ ದಾಟುವಾಗ ಆ ಎರಡು ಅಕ್ಷರ ಬದಲಾಗಿರಲೂ ಬಹುದು. ಮೊದಲ ಸೋಮವಾರದ್ದು ಇದ್ದಿದ್ದರೆ ಗೊತ್ತಾಗುತ್ತಿತ್ತು. ಕಾಡುಮೊಲದ್ದು ಇದ್ದಿದ್ದರೂ ಅಂದಾಜಾಗುತ್ತಿತ್ತು. “ಈಗ ಎರಡೂ ಸಾಧ್ಯ ಸರ್. ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ” ಎಂದಳು.

ಅಕ್ಕನ ಮನೆಗೆ ಹೋಗಿ ಜಗಲಿಯಲ್ಲಿ ಕೂತು ಮೊಬೈಲ್ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮದುವೆ ಮಾತುಕತೆಯಲ್ಲಿ ಅವರ ಕಡೆ ಮೊದಲು ಕೇಳುವುದು ಬಳಿ ಯಾವುದೆಂದು, ಅಂದರೆ ಮೂಲ ಕುಲ ಯಾವುದೆಂದು. ಒಂದೇ ಬಳಿಯಾದರೆ ಅಣ್ಣತಂಗಿ ಲೆಕ್ಕ. ಹಾಗಾಗಿ ನಾನು ಕಷ್ಟಪಟ್ಟು ವಿವರಿಸುವ ಮೊದಲೇ ಅವರಿಗೆ ಅರ್ಥವಾಗಿತ್ತು.

“ನಾಲ್ಕೂ ಒಂದೇ ಬಳಿ” ಎಂದರು. “ನಂದು ಅವರ ಅಮ್ಮನಾ, ಅಕ್ಕನಾ?”

ಇಷ್ಟು ನೇರವಾಗಿ ವಿಜ್ಞಾನಿಯೂ ಕೇಳಿರಲಿಲ್ಲ. ಗೊತ್ತಾಗುವುದಿಲ್ಲ ಎಂದೆ. ಮುಂದೆಯೂ ಗೊತ್ತಾಗುವುದಿಲ್ಲವಾ ಎಂದು ಕೇಳಿದರು. ಇಲ್ಲ ಎಂದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಒಳಗೆ ಹೋದರು. ಭಾನುವಾರ ಸಂಘದ ಸಭೆ ಉಂಟು, ನೀವೇ ಬಂದು ಹೇಳಿ, ನಾನು ಹೇಳಿದರೆ ಅವರು ನಂಬುವುದಿಲ್ಲ ಎಂದು ಒಳಗಿನಿಂದಲೇ ಹೇಳಿದರು. ಸಂಘದಲ್ಲಿ ಮೂರು ವಾರದಿಂದ ಅವರ ಪಕ್ಕ ಯಾರೂ ಕೂರುತ್ತಿರಲಿಲ್ಲ.

ಶನಿವಾರ ಇಡೀ ದಿನ ನಾನು ಆ ಸಭೆಯನ್ನು ತಲೆಯೊಳಗೆ ನಡೆಸಿದೆ. ಗುಡ್ಡೆಯ ಕಾಡುಮೊಲದಿಂದ ಬಂದದ್ದು ಎಂದು ಹೇಳಿಬಿಟ್ಟರೆ ಯಾರು ಅಲ್ಲಗಳೆಯುತ್ತಾರೆ? ಕಾಡುಮೊಲ ಬಂದು ತಕರಾರು ಅರ್ಜಿ ಕೊಡುವುದಿಲ್ಲ. ಆದರೆ ಕಾಡುಮೊಲದ ಸುದ್ದಿ ಆಗಲೇ ಹರಡಿ, ತೋಟದ ಬೇಲಿಯಲ್ಲಿ ಎರಡು ಉರುಳು ಸಿಕ್ಕಿದ್ದನ್ನು ಕಾಕ ಕಿತ್ತು ನನಗೆ ತೋರಿಸಿದ್ದರು. ಡಾಕ್ಟ್ರೇ ಹೇಳಿದ್ದಾರೆಂದಾದರೆ ಗುಡ್ಡೆಯಲ್ಲಿ ಒಂದು ಮೊಲವೂ ಉಳಿಯುವುದಿಲ್ಲ. ಎರಡೂ ಸಾಧ್ಯ ಎಂದು ಹೇಳಿದರೆ ಅದು ಸತ್ಯ, ಆದರೆ ಜನ ಅದರಲ್ಲಿ ತಮಗೆ ಬೇಕಾದ ಅರ್ಧವನ್ನೇ ಒಯ್ಯುತ್ತಾರೆ. ಯಾವ ಕಡೆಯಿಂದ ಹೋದರೂ, ಎರಡು ಸತ್ತ ಮೇಲೂ ಮರಿ ಕೊಟ್ಟವರೆಂಬ ಮಾತಿನಲ್ಲಿ ಅಕ್ಕ ಅಲ್ಲೇ ಉಳಿಯುತ್ತಿದ್ದರು. ಮರದ ಚಿತ್ರವನ್ನು ಎಷ್ಟು ಹಿಗ್ಗಿಸಿ ನೋಡಿದರೂ ಅದರಲ್ಲಿ ಇಲ್ಲದ ಒಂದು ವಿಷಯ ಮಾತ್ರ ನನಗೆ ಖಚಿತವಾಗಿ ಗೊತ್ತಿತ್ತು. ಅದನ್ನು ನಾನು ಅಷ್ಟು ದಿನ ವಿಜ್ಞಾನಿಗೂ ಹೇಳಿರಲಿಲ್ಲ.

ಸಭೆ ಅಂಗನವಾಡಿಯ ಕೋಣೆಯಲ್ಲಿ. ಹನ್ನೊಂದು ಜನ ಚಾಪೆಯ ಮೇಲೆ, ಅಕ್ಕ ಬಾಗಿಲ ಹತ್ತಿರ ಒಬ್ಬರೇ. ನಾನು ವೈರಸ್ಸು, ಬಳಿ, ಎರಡು ಅಕ್ಷರ ಎಲ್ಲ ಹೇಳಿದೆ. ಎಲ್ಲಿಂದ ಬಂತೆಂದು ಗೊತ್ತಾಗಲಿಲ್ಲ, ಗೊತ್ತಾಗುವ ದಾರಿ ಮುಚ್ಚಿಹೋಗಿದೆ, ಮುಚ್ಚಿದ್ದರಲ್ಲಿ ನನ್ನ ಪಾಲೂ ಇದೆ ಎಂದೆ. ಕಾಕನ ಬಾಟಲಿಯ ವಿಷಯ ತೆಗೆಯಲಿಲ್ಲ. ಅತ್ತ ಕೂತಿದ್ದ, ಹೆಚ್ಚು ಮೊಲ ಕಳೆದುಕೊಂಡ ಹೆಂಗಸು, “ಅದೆಲ್ಲ ಇರಲಿ ಡಾಕ್ಟ್ರೇ, ಎರಡು ಸತ್ತ ಮೇಲೆಯೂ ಇವಳು ಮರಿ ಕೊಟ್ಟದ್ದು ಎಂತಕ್ಕೆ?” ಎಂದು ಕೇಳಿದರು.

ನಾನು ಹೇಳಿದೆ: “ಕೊಡಬಹುದಾ ಅಂತ ಅವರು ನನ್ನನ್ನು ಕೇಳಿದ್ದಾರೆ. ಕೊಡಬಹುದು ಅಂತ ಹೇಳಿದ್ದು ನಾನು. ಬಂದು ನೋಡದೆ, ಫೋನಲ್ಲಿ ಹೇಳಿದ್ದು.”

ಅವರವರೊಳಗೆ ಅರೆಭಾಷೆಯಲ್ಲಿ ಏನೇನೋ ಹೇಳಿಕೊಂಡರು. ನನಗೆ ಆ ಕೋಣೆಯಿಂದ ಎದ್ದು ಓಡಬೇಕೆನಿಸಿತು. ಪ್ರಶ್ನೆ ಕೇಳಿದ ಹೆಂಗಸು ಅಕ್ಕನ ಕಡೆ ತಿರುಗಿ, ಡಾಕ್ಟ್ರು ಹೇಳಿದ್ದೆಂದು ನೀನು ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಜೋರು ಮಾಡಿದರು.

ಅಕ್ಕ ಚಾಪೆಯ ಅಂಚಿನ ಒಂದು ಎಳೆ ಕೀಳುತ್ತಿದ್ದರು. ತಲೆ ಎತ್ತದೆ ಹೇಳಿದರು: “ಇಡೀ ಊರಿಗೆ ಇರುದು ಇವರೊಬ್ಬರು. ಇವರು ಹೇಳಿದ್ದು ತಪ್ಪಿತು ಅಂತ ನಾನು ಹೇಳಿದ್ರೆ, ನಾಳೆ ನಿಮ್ಮ ದನ ಮಲಗಿದಾಗ ನೀವು ಯಾರನ್ನು ಕರೆಯುದು?”

ನಾನು ಅವರನ್ನು ಉಳಿಸಲು ಹೋಗಿದ್ದೆ. ಮೂರು ವಾರ, ಬೈಗುಳ ತಿಂದುಕೊಂಡು, ಪಕ್ಕದಲ್ಲಿ ಯಾರೂ ಕೂರದೆ, ಅವರು ನನ್ನನ್ನು ಉಳಿಸುತ್ತಿದ್ದರು. ಚಹಾ ಬಂತು, ಕುಡಿದೆ, ಹೊರಟೆ.

ಅಕ್ಕನ ಶೆಡ್ಡಿನಲ್ಲಿ ಉಳಿದಿದ್ದ ಮೂರು ಮೊಲಗಳಲ್ಲಿ ಎರಡು ಬದುಕಿವೆ. ಸಂಘದಲ್ಲಿ ಕೆಲವರು ಅಕ್ಕನ ಜೊತೆ ಮಾತಾಡುತ್ತಾರೆ, ಕೆಲವರು ಇಲ್ಲ ಎಂದು ಕಾಕ ಹೇಳಿದರು. ಅಮೋನಿಯಾದಲ್ಲಿಟ್ಟ ಲಿವರ್ ಪ್ರಯೋಜನಕ್ಕೆ ಬಂತಾ ಎಂದು ಅವರು ಇಂದಿಗೂ ಕೇಳುತ್ತಾರೆ, ನಾನು ಇಂದಿಗೂ ಮಾತು ಬದಲಿಸುತ್ತೇನೆ. ಇನ್ನೊಂದು ಕಾಡುಮೊಲ ಸತ್ತದ್ದು ಆಮೇಲೆ ಯಾರಿಗೂ ಕಂಡಿಲ್ಲ.

ಸಭೆಯಾಗಿ ಎರಡು ವಾರಕ್ಕೆ, ಅವತ್ತು ಪ್ರಶ್ನೆ ಕೇಳಿದ ಹೆಂಗಸಿನ ಫೋನ್ ಬಂತು. ಕರು ಹಾಲು ಕುಡಿಯುತ್ತಿಲ್ಲ, ಭೇದಿ ಎಂದರು. ಅಭ್ಯಾಸ ಬಲದಿಂದ ನಾನು, ಎಷ್ಟು ದಿನದ ಕರು, ಒಂದು ಪುಡಿ ಹೇಳುತ್ತೇನೆ ಬರೆದುಕೊಳ್ಳಿ ಎಂದು ಶುರು ಮಾಡಿದ್ದೆ.

“ಫೋನಲ್ಲಿ ಬೇಡ ಡಾಕ್ಟ್ರೇ” ಎಂದರು ಅವರು. “ಬಂದು ನೋಡಿ ಹೇಳಿ.”

ಕಡಬದಿಂದ ಅಲ್ಲಿಗೆ ಒಂದು ಗಂಟೆಯ ದಾರಿ. ಬೈಕು ಹತ್ತಿದೆ.